ಬ್ರಿಟನ್ನಿನ ಕಡಲತೀರದ ಪಿಯರ್ ಒಂದರ ಇತಿಹಾಸ ಮತ್ತು ನೆನಪುಗಳನ್ನು ದಾಖಲಿಸುವುದು ಹೇಗೆ?

ಬ್ರಿಟನ್ನಿನ ಕಡಲತೀರದ ವಿಹಾರ ಪಿಯರುಗಳ, ಅಂದರೆ ದಡದಿಂದ ಕಡಲೊಳಗೆ ಕಂಬಗಳ ಮೇಲೆ ಚಾಚಿದ ಕಟ್ಟೆಗಳ, ಬಗ್ಗೆ ಬರೆದದ್ದರಲ್ಲಿ ಬಹುಪಾಲು ಎರಡು ದಿನಾಂಕಗಳ ನಡುವೆ ಮುಗಿದುಹೋಗುತ್ತದೆ. ಪಿಯರನ್ನು ಸಾರ್ವಜನಿಕರಿಗೆ ತೆರೆದ ದಿನ ಒಂದು. ಅದು ಬೆಂಕಿಗೆ ಸುಟ್ಟ ಅಥವಾ ಬಿರುಗಾಳಿಗೆ ಮುರಿದ ದಿನ ಇನ್ನೊಂದು. ಈ ಎರಡರ ನಡುವಿನ ದಶಕಗಳಲ್ಲಿ ಆ ಹಲಗೆಗಳ ಮೇಲೆ ಅಡ್ಡಾಡಿದವರು, ಟಿಕೆಟು ಹರಿದುಕೊಟ್ಟವರು, ವಾದ್ಯ ನುಡಿಸಿದವರು, ತುದಿಯಲ್ಲಿ ಗಾಳ ಹಾಕಿ ಕೂತವರು, ಚಳಿಗಾಲದಲ್ಲಿ ಹಗ್ಗಕ್ಕೆ ಜೋತುಬಿದ್ದು ಕೆಳಗಿನ ಕಬ್ಬಿಣಕ್ಕೆ ಬಣ್ಣ ಬಳಿದವರು ಯಾವ ಪುಟದಲ್ಲೂ ಕಾಣಿಸುವುದಿಲ್ಲ. ಒಂದು ಪಿಯರನ್ನು ಆರಿಸಿಕೊಂಡು ಅದರ ಕಾಗದಪತ್ರಗಳನ್ನೂ ಅದರೊಂದಿಗೆ ಬಾಳಿದವರ ಮಾತುಗಳನ್ನೂ ಕಲೆಹಾಕಲು ಹೊರಟವರಿಗಾಗಿ ಈ ಬರಹ.

ಎಲ್ಲಕ್ಕಿಂತ ಮೊದಲು ಹೇಳಬೇಕಾದ ಮಾತು ಒಂದೇ: ವರ್ಷದಿಂದ ಆರಂಭಿಸಬೇಡಿ, ಜಾಗದಿಂದ ಆರಂಭಿಸಿ. ಪಿಯರ್ ಎಂದರೆ ದಡದ ಬಾಗಿಲಿನಿಂದ ಕಡಲೊಳಗಿನ ತುದಿಯವರೆಗೆ ಕಂಬಗಳ ಮೇಲೆ ಚಾಚಿಕೊಂಡ ಒಂದು ಗೆರೆ. ಜನರು ಅದನ್ನು ನೆನಪಿಟ್ಟುಕೊಳ್ಳುವುದೂ ಹಾಗೆಯೇ. ಯಾವ ಇಸವಿ ಎಂದು ಕೇಳಿದರೆ ತಡವರಿಸುವವರು, ಬಾಗಿಲು ದಾಟಿದ ಮೇಲೆ ಬಲಗಡೆ ಏನಿತ್ತು ಎಂದು ಕೇಳಿದರೆ ತಡೆಯಿಲ್ಲದೆ ಹೇಳುತ್ತಾ ಹೋಗುತ್ತಾರೆ. ಆದ್ದರಿಂದ ನಿಮ್ಮ ಇಡೀ ಕೆಲಸ ಆ ಗೆರೆಯ ಮೇಲೆಯೇ ನಿಲ್ಲಲಿ.

ಯಾವ ಪಿಯರ್, ಅದರ ಯಾವ ಅವತಾರ?

ಈ ಪ್ರಶ್ನೆ ಕಾಣುವಷ್ಟು ಸುಲಭವಲ್ಲ. ಬ್ರೈಟನ್ನಿನಲ್ಲಿ ಕ್ಯಾಪ್ಟನ್ ಸ್ಯಾಮ್ಯುಯೆಲ್ ಬ್ರೌನ್ ಕಟ್ಟಿಸಿದ ಚೈನ್ ಪಿಯರ್ 1823ರಲ್ಲಿ ತೆರೆದು 1896ರ ಡಿಸೆಂಬರಿನ ಬಿರುಗಾಳಿಗೆ ನಾಶವಾಯಿತು. ವೆಸ್ಟ್ ಪಿಯರ್ 1866ರದು. ಪ್ಯಾಲೇಸ್ ಪಿಯರ್ 1899ರದು. ಬ್ಲ್ಯಾಕ್‌ಪೂಲಿನಲ್ಲಿ ಇಂದಿಗೂ ಮೂರು ಪಿಯರುಗಳಿವೆ. ವೆಸ್ಟನ್-ಸೂಪರ್-ಮೇರ್‌ನಲ್ಲಿ 1867ರ ಬರ್ನ್‌ಬೆಕ್ ಪಿಯರ್ ಮತ್ತು 1904ರ ಗ್ರ್ಯಾಂಡ್ ಪಿಯರ್ ಎರಡೂ ಇವೆ. ಈ ಊರುಗಳ ಹಿರಿಯರು ಬರೀ ‘ಪಿಯರ್’ ಎಂದಾಗ ಯಾವುದನ್ನು ಹೇಳುತ್ತಿದ್ದಾರೆ ಎಂಬುದನ್ನು ಅಲ್ಲೇ ಕೇಳಿ ತಿಳಿದುಕೊಳ್ಳದಿದ್ದರೆ, ಮುಂದೆ ಎಷ್ಟು ಹುಡುಕಿದರೂ ಆ ಗೋಜಲು ಬಿಡಿಸಲು ಆಗುವುದಿಲ್ಲ.

ಒಂದೇ ಪಿಯರಿಗೂ ಹಲವು ಅವತಾರಗಳಿರುತ್ತವೆ. ವರ್ದಿಂಗಿನ ಪಿಯರ್ 1862ರಲ್ಲಿ ತೆರೆಯಿತು, 1913ರ ಬಿರುಗಾಳಿಗೆ ತುಂಡಾಯಿತು, ಮರುವರ್ಷ ಮತ್ತೆ ತೆರೆಯಿತು. 1933ರಲ್ಲಿ ದಕ್ಷಿಣ ತುದಿಯ ಪೆವಿಲಿಯನ್ (ಮನರಂಜನೆಯ ಸಭಾಂಗಣ) ಸುಟ್ಟಿತು, 1935ರಲ್ಲಿ ಅದೇ ಜಾಗದಲ್ಲಿ ಹೊಸ ಶೈಲಿಯ ಕಟ್ಟಡ ಎದ್ದಿತು. ಸೌತೆಂಡಿನಲ್ಲಿ 1830ರಲ್ಲಿ ಬಳಕೆಗೆ ಬಂದ ಮರದ ಪಿಯರಿನ ಬದಲಿಗೆ 1889ರಲ್ಲಿ ಕಬ್ಬಿಣದ ಪಿಯರ್ ಬಂತು. ಅಜ್ಜಿ ಕಂಡ ಪಿಯರೂ ಮೊಮ್ಮಗಳು ಕಂಡ ಪಿಯರೂ ಹೆಸರಿನಲ್ಲಿ ಮಾತ್ರ ಒಂದಾಗಿರಬಹುದು.

ಇದಕ್ಕೆ ನಾನು ಶಿಫಾರಸು ಮಾಡುವ ಉಪಾಯ ಸರಳವಾದುದು. ಉದ್ದನೆಯ ಕಾಗದದ ಪಟ್ಟಿಗಳನ್ನು ತೆಗೆದುಕೊಂಡು, ಪ್ರತಿ ಅವತಾರಕ್ಕೂ ಒಂದರಂತೆ, ಬಾಗಿಲಿನಿಂದ ತುದಿಯವರೆಗೆ ಪಿಯರಿನ ನಕ್ಷೆಯನ್ನು ಒಂದೇ ಅಳತೆಯಲ್ಲಿ ಬರೆಯಿರಿ. ಟಿಕೆಟ್ ಕಟ್ಟೆ, ಗಾಳಿತಡೆಯ ಗಾಜಿನ ಗೋಡೆ, ವಾದ್ಯಮೇಳದ ಮಂಟಪ, ರಂಗಮಂದಿರ, ಹಡಗುಕಟ್ಟೆ, ಜೀವರಕ್ಷಕ ದೋಣಿಯ ಮನೆ, ಇವುಗಳಲ್ಲಿ ಯಾವುದು ಎಲ್ಲಿತ್ತೋ ಅಲ್ಲಿ ಗುರುತು ಹಾಕಿ. ಬ್ರಿಟನ್ನಿನ ನಕ್ಷೆ ತಯಾರಿಸುವ ಸಂಸ್ಥೆಯಾದ ಆರ್ಡ್‌ನೆನ್ಸ್ ಸರ್ವೆಯ ಹಳೆಯ ದೊಡ್ಡ ಅಳತೆಯ ನಕ್ಷೆಗಳು ಇದಕ್ಕೆ ಒಳ್ಳೆಯ ಬುನಾದಿ. ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯದ ಜಾಲತಾಣದಲ್ಲಿ ಅವುಗಳನ್ನು ಉಚಿತವಾಗಿ ನೋಡಬಹುದು. ಏರೋಫಿಲ್ಮ್ಸ್ ಸಂಸ್ಥೆ 1919ರಿಂದ ಆಕಾಶದಿಂದ ತೆಗೆದ ಚಿತ್ರಗಳೂ ಇವೆ, ಮೇಲಿನಿಂದ ನೋಡಿದಾಗ ಕಟ್ಟಡಗಳ ಸ್ಥಾನ ನಿಚ್ಚಳವಾಗಿ ಕಾಣುತ್ತದೆ. ಈ ಪಟ್ಟಿಗಳನ್ನು ಒಂದರ ಕೆಳಗೊಂದು ಇಟ್ಟು ನೋಡಿದಾಗಲೇ ಯಾವುದು ಬದಲಾಯಿತು, ಯಾವುದು ಬದಲಾಗಲಿಲ್ಲ ಎಂಬುದು ತಿಳಿಯುವುದು. ಮುಂದೆ ಸಿಗುವ ಪ್ರತಿ ಚಿತ್ರ, ಪ್ರತಿ ಮಾತು ಈ ಪಟ್ಟಿಗಳಲ್ಲೊಂದರ ಮೇಲೆ ತನ್ನ ಜಾಗವನ್ನು ಕಂಡುಕೊಳ್ಳಬೇಕು.

ನೀರಿಳಿದಾಗ ಕಬ್ಬಿಣವನ್ನು ಓದುವುದು

ಪಿಯರ್ ಇನ್ನೂ ನಿಂತಿದ್ದರೆ ಗ್ರಂಥಾಲಯಕ್ಕೆ ಹೋಗುವ ಮೊದಲು ಅದರ ಬುಡಕ್ಕೆ ಹೋಗಿ. ಸ್ಥಳೀಯ ಉಬ್ಬರವಿಳಿತದ ಪಟ್ಟಿಯನ್ನು ನೋಡಿಕೊಂಡು, ನೀರು ಇಳಿಯುತ್ತಿರುವಾಗಲೇ ಹೊರಟು, ತಿರುಗಿ ಏರಲು ಆರಂಭಿಸುವ ಮೊದಲೇ ಮೇಲೆ ಬನ್ನಿ. ಒಬ್ಬರೇ ಹೋಗಬೇಡಿ, ಬೇಲಿ ಹಾಕಿದ ಅಥವಾ ಶಿಥಿಲವಾದ ಭಾಗದ ಕೆಳಗೆ ಯಾವ ಕಾರಣಕ್ಕೂ ಕಾಲಿಡಬೇಡಿ. ಬ್ರಿಸ್ಟಲ್ ಕಡಲ್ಗಾಲುವೆಯ ದಡದಲ್ಲಿರುವ ಕ್ಲೀವ್ಡನ್ನಿನಂಥ ಊರಿನಲ್ಲಿ ಉಬ್ಬರ ಮತ್ತು ಇಳಿತದ ಮಟ್ಟಗಳ ಅಂತರ ಸುಮಾರು 14 ಮೀಟರಿನವರೆಗೂ ಹೋಗುತ್ತದೆ.

ಕೆಳಗೆ ನಿಂತು ನೋಡುವಾಗ ಪಿಯರ್ ಏಕೆ ಹುಟ್ಟಿತು ಎಂಬುದೂ ತಿಳಿಯುತ್ತದೆ. ವೈಟ್ ದ್ವೀಪದ ರೈಡ್‌ನಲ್ಲಿ ನೀರಿಳಿದಾಗ ಮರಳು ಮತ್ತು ಕೆಸರು ಬಹುದೂರ ಹರಡಿಕೊಳ್ಳುತ್ತಿದ್ದುದರಿಂದ ದೋಣಿಯಿಂದ ಇಳಿದವರು ದಡ ಸೇರುವುದೇ ಒಂದು ಪಾಡಾಗಿತ್ತು. ಅದಕ್ಕೆ ಪರಿಹಾರವಾಗಿ 1814ರಲ್ಲಿ ತೆರೆದ ಪಿಯರೇ ಇಂಥವುಗಳಲ್ಲೆಲ್ಲ ಹಳೆಯದು. ಸೌತೆಂಡಿನ ಪಿಯರ್ 2.16 ಕಿಲೋಮೀಟರ್ ಉದ್ದವಾಗಿ, ಜಗತ್ತಿನಲ್ಲೇ ಅತಿ ಉದ್ದದ ವಿಹಾರ ಪಿಯರ್ ಎನ್ನಿಸಿಕೊಂಡಿರುವುದಕ್ಕೂ ಥೇಮ್ಸ್ ಅಳಿವೆಯ ಕೆಸರೇ ಕಾರಣ. ಅಂದರೆ ಪಿಯರ್ ಮೊದಲು ಹಡಗು ಹತ್ತುವ ಕಟ್ಟೆ. ಅಡ್ಡಾಡುವ ಖುಷಿ ಆಮೇಲೆ ಬಂದು ಸೇರಿತು, ರೈಲುಗಳು ಕಾರ್ಖಾನೆ ನಗರಗಳ ಜನರನ್ನು ಕಡಲಿಗೆ ತಂದ ಮೇಲೆ ಅದೇ ಮುಖ್ಯವಾಯಿತು. ನಿಮ್ಮ ಪಿಯರ್ ಈ ಎರಡರಲ್ಲಿ ಯಾವುದಕ್ಕಾಗಿ ಕಟ್ಟಿದ್ದು, ಯಾವಾಗ ಒಂದರಿಂದ ಇನ್ನೊಂದಕ್ಕೆ ಹೊರಳಿತು ಎಂಬ ಪ್ರಶ್ನೆಯನ್ನು ಕೈಯಲ್ಲಿ ಹಿಡಿದುಕೊಂಡೇ ಇರಿ.

ಕಂಬಗಳನ್ನು ಒಂದೊಂದಾಗಿ ಗಮನಿಸಿ. ಕಣ್ಣು ಕಾಣದ ಎಂಜಿನಿಯರ್ ಅಲೆಕ್ಸಾಂಡರ್ ಮಿಚೆಲ್ 1833ರಲ್ಲಿ ಪೇಟೆಂಟ್ ಪಡೆದ ತಿರುಪಿನ ಕಂಬವನ್ನು ವಿಹಾರ ಪಿಯರಿಗೆ ಮೊದಲು ಬಳಸಿದವರು ಯೂಜೀನಿಯಸ್ ಬರ್ಚ್. ಅದು 1855ರ ಮಾರ್ಗೇಟ್ ಜೆಟ್ಟಿ. ತುದಿಯಲ್ಲಿ ಅಗಲವಾದ ತಿರುಪಿನ ಎಲೆಯಿರುವ ಕಂಬವನ್ನು ತಿರುಗಿಸುತ್ತಾ ಕಡಲತಳಕ್ಕೆ ಇಳಿಸಿದರೆ ಅದು ಸಡಿಲ ನೆಲದಲ್ಲೂ ಭದ್ರವಾಗಿ ನಿಲ್ಲುತ್ತಿತ್ತು. ಬರ್ಚ್ ಆಮೇಲೆ ಬ್ಲ್ಯಾಕ್‌ಪೂಲಿನ ನಾರ್ತ್ ಪಿಯರ್, ಬ್ರೈಟನ್ನಿನ ವೆಸ್ಟ್ ಪಿಯರ್, ಈಸ್ಟ್‌ಬೋರ್ನ್, ಹೇಸ್ಟಿಂಗ್ಸ್ ಸೇರಿದಂತೆ ಒಟ್ಟು 14 ಪಿಯರುಗಳನ್ನು ರೂಪಿಸಿದರು. ಸೌತ್‌ಪೋರ್ಟಿನಲ್ಲಿ ಜೇಮ್ಸ್ ಬ್ರನ್ಲೀಸ್ ರಭಸದ ನೀರನ್ನು ಕೊಳವೆಯ ಮೂಲಕ ಮರಳಿಗೆ ಹಾಯಿಸಿ ಕಂಬಗಳನ್ನು ಇಳಿಸಿದರು. ಕ್ಲೀವ್ಡನ್ನಿನ ಪಿಯರಿನ ತೆಳ್ಳನೆಯ ಕಾಲುಗಳು ರೈಲ್ವೆಗಾಗಿ ಮಾಡಿದ ಬಾರ್ಲೋ ಹಳಿಗಳಿಂದಾದವು. ಅದರ ಸೊಬಗಿನ ಗುಟ್ಟೇ ಅದು.

ಎರಕದ ಕಂಬದ ಮೇಲೆ, ದೀಪದ ಕಂಬದ ಬುಡದಲ್ಲಿ, ಬೆಂಚಿನ ಕೈ ಆಸರೆಯಲ್ಲಿ ಎರಕದ ಕಾರ್ಖಾನೆಯ ಹೆಸರು ಉಬ್ಬಿಕೊಂಡಿರಬಹುದು. ಬಣ್ಣದ ಪದರಗಳು ಅದನ್ನು ಮುಚ್ಚಿದ್ದರೂ ಓರೆ ಬೆಳಕಿನಲ್ಲಿ ಅಕ್ಷರಗಳ ನೆರಳು ಬೀಳುತ್ತದೆ, ಬೆಳಗಿನ ಅಥವಾ ಸಂಜೆಯ ಹೊತ್ತು ಅದಕ್ಕೆ ಅನುಕೂಲ. ಸಾಲಿನಲ್ಲಿ ಒಂದೆಡೆ ಕಂಬಗಳ ದಪ್ಪ ಬದಲಾಗಿದ್ದರೆ, ಎರಕದ ಕಬ್ಬಿಣದ ನಡುವೆ ಕಾಂಕ್ರೀಟೋ ಉಕ್ಕೋ ಕಾಣಿಸಿದರೆ, ಅಲ್ಲೊಂದು ಕಥೆಯಿದೆ ಎಂದೇ ತಿಳಿಯಿರಿ. ದಕ್ಷಿಣ ಮತ್ತು ಪೂರ್ವ ಕರಾವಳಿಯ ಪಿಯರುಗಳಲ್ಲಿ ಅದು ಯುದ್ಧದ ಗಾಯವಾಗಿರುವ ಸಾಧ್ಯತೆ ಹೆಚ್ಚು: ಶತ್ರುಸೇನೆ ಬಂದಿಳಿಯಲು ಪಿಯರನ್ನು ಬಳಸಬಾರದೆಂದು 1940ರಲ್ಲಿ ಹಲವು ಪಿಯರುಗಳ ನಡುಭಾಗವನ್ನು ಕಿತ್ತುಹಾಕಲಾಯಿತು. ಇಲ್ಲವಾದರೆ ಹಡಗು ಬಡಿದದ್ದಿರಬಹುದು. 1986ರಲ್ಲಿ ಸೌತೆಂಡಿನಲ್ಲಿ, 1993ರಲ್ಲಿ ಕ್ರೋಮರಿನಲ್ಲಿ ಹಾಗೆಯೇ ಆಯಿತು. ಪ್ರತಿ ಗುರುತಿಗೂ ಒಂದು ಚಿತ್ರ ತೆಗೆದು, ಬಾಗಿಲಿನಿಂದ ಎಷ್ಟನೆಯ ಕಂಬದ ಸಾಲು ಎಂದು ಬರೆದುಕೊಳ್ಳಿ.

ಕಾಗದಪತ್ರಗಳು

1861ರವರೆಗೆ ಪಿಯರ್ ಕಟ್ಟಬೇಕಾದರೆ ಸಾಮಾನ್ಯವಾಗಿ ಸಂಸತ್ತಿನಿಂದ ಪ್ರತ್ಯೇಕ ಕಾಯಿದೆಯನ್ನೇ ಪಡೆಯಬೇಕಿತ್ತು. ಆ ವರ್ಷದ ಜನರಲ್ ಪಿಯರ್ ಅಂಡ್ ಹಾರ್ಬರ್ ಆಕ್ಟ್, ಸರ್ಕಾರದ ವ್ಯಾಪಾರ ಇಲಾಖೆಯಾದ ಬೋರ್ಡ್ ಆಫ್ ಟ್ರೇಡಿನ ತಾತ್ಕಾಲಿಕ ಆದೇಶದ ಮೂಲಕ ಕೆಲಸ ಸಾಗುವಂತೆ ಮಾಡಿದ್ದರಿಂದ ಖರ್ಚೂ ಕಾಲವೂ ಉಳಿದವು. 1860ರಿಂದ ಶತಮಾನದ ಅಂತ್ಯದವರೆಗೆ ಪಿಯರುಗಳು ಸಾಲುಸಾಲಾಗಿ ಎದ್ದದ್ದಕ್ಕೆ ಇದೊಂದು ಕಾರಣ. ಈ ಆದೇಶಗಳಲ್ಲಿ ಯಾರಿಗೆ, ಯಾವ ಸರಕಿಗೆ ಎಷ್ಟು ಸುಂಕ ವಸೂಲು ಮಾಡಬಹುದು ಎಂಬ ಪಟ್ಟಿಯಿರುತ್ತದೆ. ಅದನ್ನು ಬೇಸರವಿಲ್ಲದೆ ಓದಿ. ಆ ಪಿಯರಿಗೆ ಯಾರು ಬರುವರೆಂದು ಕಟ್ಟಿಸಿದವರು ಎಣಿಸಿದ್ದರು ಎಂಬುದು ಆ ದರಗಳಲ್ಲೇ ಇದೆ.

ಪಿಯರ್ ಕಂಪನಿ ಮುಚ್ಚಿಹೋಗಿದ್ದರೆ, ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ವಿಸರ್ಜಿತ ಕಂಪನಿಗಳ ಕಡತಗಳ ನಡುವೆ ಅದನ್ನು ಹುಡುಕಿ. ನನ್ನ ದೃಷ್ಟಿಯಲ್ಲಿ ಅಲ್ಲಿ ಸಿಗುವ ಅತ್ಯಮೂಲ್ಯ ಹಾಳೆ ಷೇರುದಾರರ ಪಟ್ಟಿ, ಏಕೆಂದರೆ ಹೆಸರಿನ ಪಕ್ಕದಲ್ಲಿ ವಿಳಾಸವೂ ವೃತ್ತಿಯೂ ಇರುತ್ತವೆ. ಹಣ ಹಾಕಿದವರು ಅದೇ ಬೀದಿಯ ಹೋಟೆಲಿನವರೂ ಮಾಂಸದಂಗಡಿಯವರೂ ಆಗಿದ್ದರೋ, ದೂರದ ಕೈಗಾರಿಕಾ ನಗರದ ಸಿರಿವಂತರಾಗಿದ್ದರೋ ಎಂಬುದರ ಮೇಲೆ ಪಿಯರಿಗೂ ಊರಿಗೂ ಇದ್ದ ಸಂಬಂಧವೇ ಬೇರೆಯಾಗುತ್ತದೆ. ನಗರಸಭೆ ಪಿಯರನ್ನು ಕೊಂಡ ಮೇಲಿನ ಲೆಕ್ಕಪತ್ರ ಮತ್ತು ಸಭೆಯ ನಡಾವಳಿಗಳು ಆಯಾ ಕೌಂಟಿಯ (ಜಿಲ್ಲೆಯ) ದಾಖಲೆ ಕಚೇರಿಯಲ್ಲಿರುತ್ತವೆ. ರಕ್ಷಿತ ಕಟ್ಟಡವಾಗಿದ್ದರೆ ಹಿಸ್ಟಾರಿಕ್ ಇಂಗ್ಲೆಂಡ್, ವೇಲ್ಸ್ ಆದರೆ ಕ್ಯಾಡೂ (Cadw), ಈ ಪರಂಪರೆ ಸಂಸ್ಥೆಗಳ ಪಟ್ಟಿಯಲ್ಲಿರುವ ವಿವರಣೆಯನ್ನು ಓದಿಕೊಳ್ಳಿ. 1979ರಲ್ಲಿ ಸ್ಥಾಪನೆಯಾದ ನ್ಯಾಷನಲ್ ಪಿಯರ್ಸ್ ಸೊಸೈಟಿಯೂ ನೆರವಾಗಬಲ್ಲದು. ಕವಿ ಜಾನ್ ಬೆಚಮನ್ ಅದರ ಮೊದಲ ಅಧ್ಯಕ್ಷರಾಗಿದ್ದರು.

ಹಳೆಯ ಪತ್ರಿಕೆಗಳನ್ನು ಬ್ರಿಟಿಷ್ ನ್ಯೂಸ್‌ಪೇಪರ್ ಆರ್ಕೈವ್‌ನಲ್ಲಿ ಹುಡುಕುವಾಗ ಉದ್ಘಾಟನೆಯ ವರದಿಯನ್ನು ನೋಡಿ ತೃಪ್ತರಾಗಬೇಡಿ. ಜನಜಂಗುಳಿಯ ಅಂಕಿಗಳನ್ನು ಅಲ್ಲಿ ಉತ್ಸಾಹದಲ್ಲಿ ಏರಿಸಿ ಬರೆಯುತ್ತಿದ್ದುದೇ ಹೆಚ್ಚು. ನ್ಯಾಯಾಲಯದ ಸುದ್ದಿ, ಕೆಲಸಗಾರರು ಬೇಕೆಂಬ ಜಾಹೀರಾತು, ಭಾನುವಾರ ಪಿಯರ್ ತೆರೆಯಬೇಕೇ ಬೇಡವೇ ಎಂಬ ಓದುಗರ ಜಗಳ, ಇವುಗಳಲ್ಲೇ ದಿನನಿತ್ಯದ ಪಿಯರ್ ಇರುವುದು.

ಒಂದು ಚಿತ್ರಕಾರ್ಡನ್ನು ನೋಡುವ ಕ್ರಮ

ಪಿಯರಿನ ಚಿತ್ರವಿರುವ ಅಂಚೆಕಾರ್ಡು ಕೈಗೆ ಬಂದರೆ ಮೊದಲು ಬೆನ್ನನ್ನು ನೋಡಿ. ಹಿಂಬದಿಯಲ್ಲಿ ನಡುಗೆರೆ ಎಳೆದು ಎಡಕ್ಕೆ ಸಂದೇಶ, ಬಲಕ್ಕೆ ವಿಳಾಸ ಎಂದು ಬಿಟ್ಟಿದ್ದರೆ ಅದು 1902ರ ನಂತರದ್ದು. ಅಂಚೆ ಇಲಾಖೆ ಆ ವರ್ಷವೇ ಅದಕ್ಕೆ ಅನುಮತಿ ಕೊಟ್ಟದ್ದು. ಅಂಚೆಚೀಟಿಯ ಮೇಲಿರುವ ದೊರೆ ಏಳನೆಯ ಎಡ್ವರ್ಡನೋ ಐದನೆಯ ಜಾರ್ಜನೋ ನೋಡಿಕೊಳ್ಳಿ. ಚೀಟಿ ಅರ್ಧ ಪೆನ್ನಿಯದಾಗಿದ್ದರೆ 1918ರ ಜೂನ್‌ಗಿಂತ ಹಿಂದಿನದಿರಬಹುದು, ಆ ತಿಂಗಳು ಕಾರ್ಡಿನ ದರ ಒಂದು ಪೆನ್ನಿಗೆ ಏರಿತು. ಅಂಚೆಮುದ್ರೆಯ ದಿನಾಂಕ ಕಾರ್ಡು ಹೊರಟ ದಿನವನ್ನು ಮಾತ್ರ ಹೇಳುತ್ತದೆ. ಚಿತ್ರ ತೆಗೆದ ದಿನವನ್ನಲ್ಲ. ಪ್ರಕಾಶಕರು ಹಳೆಯ ಗಾಜಿನ ಫಲಕದಿಂದಲೇ ವರ್ಷಗಟ್ಟಲೆ ಮುದ್ರಿಸುತ್ತಿದ್ದುದುಂಟು. ವ್ಯಾಲೆಂಟೈನ್ ಕಂಪನಿಯ ಕಾರ್ಡಾದರೆ ಅದರ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ, ಆ ಸಂಸ್ಥೆಯ ಚಿತ್ರಸಂಗ್ರಹ ಸೇಂಟ್ ಆಂಡ್ರ್ಯೂಸ್ ವಿಶ್ವವಿದ್ಯಾಲಯದಲ್ಲಿದೆ.

ಆಮೇಲೆ ಮುಂಬದಿಯನ್ನು ಭೂತಗನ್ನಡಿಯ ಕೆಳಗೆ ಹಿಡಿದು, ಬಾಗಿಲಿನಿಂದ ತುದಿಯವರೆಗೆ ನಿಧಾನವಾಗಿ ಸಾಗಿ. ಟಿಕೆಟ್ ಕಟ್ಟೆಯ ಪಕ್ಕದ ಫಲಕದಲ್ಲಿ ಆ ವಾರದ ಕಲಾವಿದರ ಹೆಸರು ಓದಲು ಬಂದರೆ ಪತ್ರಿಕೆಯ ಜಾಹೀರಾತಿನಿಂದ ವಾರವನ್ನೇ ಹಿಡಿಯಬಹುದು. ಪೆವಿಲಿಯನ್ ಇದೆಯೇ, ಇದ್ದರೆ ಯಾವ ಅವತಾರದ್ದು ಎಂದು ನಿಮ್ಮ ನಕ್ಷೆಪಟ್ಟಿಗೆ ಹೋಲಿಸಿ. ಹಡಗುಕಟ್ಟೆಯಲ್ಲಿ ನಿಂತ ಪ್ಯಾಡಲ್ ಸ್ಟೀಮರಿನ (ಹುಟ್ಟುಚಕ್ರದ ಉಗಿಹಡಗಿನ) ಹೆಸರು ಕಂಡರೆ ಅದು ದೊಡ್ಡ ಸುಳಿವು, ಜೊತೆಗೆ ದೊಡ್ಡ ಬಲೆಯೂ ಹೌದು. ಇಂದಿಗೂ ಓಡಾಡುವ ‘ವೇವರ್ಲಿ’ 1947ರಲ್ಲಿ ಸೇವೆಗೆ ಬಂದದ್ದು; ಆದರೆ ಅದೇ ಹೆಸರಿನ 1899ರ ಸ್ಟೀಮರ್ ಒಂದು 1940ರಲ್ಲಿ ಫ್ರಾನ್ಸಿನ ಡಂಕರ್ಕ್‌ನಿಂದ ಸೈನಿಕರನ್ನು ತೆರವು ಮಾಡುವ ವೇಳೆ ಮುಳುಗಿತ್ತು. ಹೆಸರನ್ನಷ್ಟೇ ನೋಡಿ ತೀರ್ಮಾನಿಸಿದವರು ಅರ್ಧ ಶತಮಾನದಷ್ಟು ದಾರಿ ತಪ್ಪಬಹುದು.

ಎರಡೂ ಬದಿಗಳನ್ನು 600 ಡಿಪಿಐ ಅಥವಾ ಅದಕ್ಕೂ ಹೆಚ್ಚಿನ ಸ್ಪಷ್ಟತೆಯಲ್ಲಿ ಸ್ಕ್ಯಾನ್ ಮಾಡಿ. ಸಂದೇಶವನ್ನೂ ಅಕ್ಷರಶಃ ಬರೆದುಕೊಳ್ಳಿ: ಮಳೆ ಬಿಡಲಿಲ್ಲ, ಬಾಡಿಗೆ ಮನೆಯೊಡತಿ ಒಳ್ಳೆಯವಳು ಎಂಬಂಥ ಎರಡು ಸಾಲು ರಜಾದಿನಗಳ ಚರಿತ್ರೆಗೆ ಮುಖಚಿತ್ರಕ್ಕಿಂತ ಹೆಚ್ಚು ಬೆಲೆಯುಳ್ಳದ್ದು.

ನೆನಪುಗಳನ್ನು ಕೇಳಿಸಿಕೊಳ್ಳುವುದು

ಈ ಭಾಗವನ್ನು ಅತ್ಯಂತ ಎಚ್ಚರದಿಂದ ಮಾಡಬೇಕು, ಏಕೆಂದರೆ ಕಾಗದ ನಾಳೆಯೂ ಇರುತ್ತದೆ, ಹೇಳುವವರು ಇರಲಿಕ್ಕಿಲ್ಲ. ಕೆಲಸದ ಕ್ರಮದಲ್ಲಿ ಇದನ್ನು ಕೊನೆಯಲ್ಲಿ ಬರೆದಿದ್ದರೂ, ನಕ್ಷೆಪಟ್ಟಿಗಳು ಸಿದ್ಧವಾದ ಕೂಡಲೇ ಹಿರಿಯರಾದವರನ್ನು ಮೊದಲು ಕಾಣಿ.

‘ಆಗ ಪಿಯರ್ ಹೇಗಿತ್ತು?’ ಎಂದು ಕೇಳಿದರೆ ‘ತುಂಬಾ ಚೆನ್ನಾಗಿತ್ತು’ ಎಂಬ ಉತ್ತರ ಬರುತ್ತದೆ, ಅಲ್ಲಿಗೆ ಮಾತು ನಿಲ್ಲುತ್ತದೆ. ಬದಲಿಗೆ ಅವರನ್ನು ಬಾಗಿಲಲ್ಲಿ ನಿಲ್ಲಿಸಿ. ಯಾರ ಕೈ ಹಿಡಿದಿದ್ದಿರಿ? ಕಿಂಡಿಯ ಆಚೆ ಯಾರು ಕೂತಿದ್ದರು, ದುಡ್ಡು ಯಾರು ಕೊಟ್ಟರು, ತಿರುಗುಗೇಟು ಯಾವ ಸದ್ದು ಮಾಡುತ್ತಿತ್ತು? ಒಳಗೆ ಬಂದ ಮೇಲೆ ಯಾವ ಬದಿಯಲ್ಲಿ ನಡೆಯುತ್ತಿದ್ದಿರಿ, ಗಾಳಿ ಯಾವ ಕಡೆಯಿಂದ? ಹಲಗೆಗಳ ಸಂದಿಯಲ್ಲಿ ಕೆಳಗಿನ ನೀರು ಕಾಣುತ್ತಿತ್ತೇ, ಅದಕ್ಕೆ ಹೆದರಿಕೆಯಾಗುತ್ತಿತ್ತೇ? ಈ ಕೊನೆಯ ಪ್ರಶ್ನೆಯನ್ನು ಬಿಡಲೇಬೇಡಿ. ಬಾಲ್ಯದಲ್ಲಿ ಪಿಯರ್ ಮೇಲೆ ನಡೆದವರು ಸಂದಿಯಲ್ಲಿ ಕಂಡ ಹಸಿರು ನೀರನ್ನು ಮರೆಯುವುದು ಅಪರೂಪ, ಆ ಒಂದು ನೆನಪು ಹೊರಬಂದರೆ ಉಳಿದವು ಅದರ ಬೆನ್ನಿಗೇ ಬರುತ್ತವೆ. ಹೀಗೆ ಹೆಜ್ಜೆಹೆಜ್ಜೆಯಾಗಿ ತುದಿಯವರೆಗೆ ಕರೆದುಕೊಂಡು ಹೋಗಿ. ಅವರು ಸುಮ್ಮನಾದಾಗ ನೀವೂ ಸುಮ್ಮನಿರಿ.

ಚಿತ್ರಗಳನ್ನು ಮೊದಲೇ ತೋರಿಸಬಾರದು. ಕಾರ್ಡು ಕಣ್ಣೆದುರಿಗೆ ಬಂದರೆ ಅವರು ತಾವು ಕಂಡದ್ದನ್ನು ಬಿಟ್ಟು ಚಿತ್ರದಲ್ಲಿರುವುದನ್ನೇ ವರ್ಣಿಸತೊಡಗುತ್ತಾರೆ. ಅವರ ಮಾತು ಮುಗಿದ ಮೇಲೆ ತೋರಿಸಿದರೆ ಎರಡನೆಯ ಸುತ್ತಿನ ನೆನಪು ಬೇರೆಯಾಗಿ ದಕ್ಕುತ್ತದೆ.

ಕಾಲವನ್ನು ಗುರುತಿಸಲು ಇಸವಿಯ ಬದಲು ಆಸರೆಗಳನ್ನು ಕೊಡಿ. ಯುದ್ಧಕ್ಕೆ ಮುಂಚೆಯೋ ಆಮೇಲೋ? 1953ರ ಜನವರಿ ಕೊನೆಯ ಪ್ರವಾಹಕ್ಕೆ ಮುಂಚೆಯೋ? ಯಂತ್ರಗಳಿಗೆ ಹಾಕುತ್ತಿದ್ದದ್ದು ದೊಡ್ಡ ಹಳೆಯ ಪೆನ್ನಿಯೋ ಹೊಸದೋ? ಬ್ರಿಟನ್ 1971ರ ಫೆಬ್ರವರಿ 15ರಂದು ದಶಮಾಂಶ ನಾಣ್ಯಕ್ಕೆ ಬದಲಾದ್ದರಿಂದ ನಾಣ್ಯದ ನೆನಪೇ ಒಂದು ಗಡಿಗೆರೆಯಾಗುತ್ತದೆ. 1978ರ ಜನವರಿಯ ಬಿರುಗಾಳಿ ಮಾರ್ಗೇಟ್, ಹರ್ನ್ ಬೇ, ಸ್ಕೆಗ್‌ನೆಸ್ ಪಿಯರುಗಳನ್ನು ಒಂದೇ ರಾತ್ರಿ ಹಾಳುಗೆಡವಿತು. ಆ ಊರುಗಳಲ್ಲಿ ಅದಕ್ಕಿಂತ ಬಲವಾದ ಆಸರೆ ಬೇಕಿಲ್ಲ.

ರಜೆಗೆ ಬಂದವರ ನೆನಪು ಬೇಗ ಸಿಗುತ್ತದೆ, ದುಡಿದವರದು ಸಿಗುವುದು ತಡ. ಕುರ್ಚಿ ಬಾಡಿಗೆಗೆ ಕೊಟ್ಟವರು, ನಾಣ್ಯಯಂತ್ರ ರಿಪೇರಿ ಮಾಡಿದವರು, ಹಲಗೆ ಬದಲಿಸಿದ ಬಡಗಿಗಳು, ರಂಗದ ಹಿಂದೆ ದೀಪ ನೋಡಿಕೊಂಡವರು, ಇವರನ್ನು ಹುಡುಕಿಕೊಂಡು ಹೋಗಿ. ಚಳಿಗಾಲದ ಪಿಯರನ್ನು ಬಲ್ಲವರು ಅವರೊಬ್ಬರೇ. ಒಳಗೆ ಹೋಗಲು ದುಡ್ಡಿಲ್ಲದೆ ದಡದಿಂದಲೇ ವಾದ್ಯ ಕೇಳಿದವರ ಮಾತನ್ನೂ ಸೇರಿಸಿಕೊಳ್ಳಿ.

ಗಡಿಯಾರದ ಟಿಕ್‌ಟಿಕ್ ಇಲ್ಲದ ಕೋಣೆಯಲ್ಲಿ, ಕುಗ್ಗಿಸದ ವೇವ್ (WAV) ಕಡತವಾಗಿ ಧ್ವನಿಮುದ್ರಿಸಿ. ಧ್ವನಿಯನ್ನು ಎಲ್ಲಿ ಇಡಲಾಗುತ್ತದೆ, ಯಾರು ಕೇಳಬಹುದು, ಯಾವ ಭಾಗವನ್ನು ಬಹಿರಂಗಪಡಿಸಬಾರದು ಎಂಬುದನ್ನು ಬರಹದಲ್ಲಿ ಒಪ್ಪಿಸಿಕೊಳ್ಳಿ; ಆಡಿದ ಮಾತಿನ ಹಕ್ಕುಸ್ವಾಮ್ಯ ಆಡಿದವರದೇ, ಆದ್ದರಿಂದ ಸಹಿ ಮಾಡಿದ ಪತ್ರವಿಲ್ಲದಿದ್ದರೆ ದಾಖಲೆ ಕಚೇರಿ ಅದನ್ನು ತೆಗೆದುಕೊಳ್ಳಲು ಹಿಂಜರಿಯುತ್ತದೆ.

ನೆನಪಿಗೂ ಕಾಗದಕ್ಕೂ ತಾಳೆಯಾಗದಿದ್ದರೆ

ಸುಟ್ಟುಹೋಗಿದ್ದ ಸಭಾಂಗಣದಲ್ಲಿ ಮರುವರ್ಷ ನೃತ್ಯ ಮಾಡಿದೆವೆಂದು ಯಾರಾದರೂ ಹೇಳಿದರೆ ಅಲ್ಲಿಯೇ ತಿದ್ದಬೇಡಿ. ನಕ್ಷೆಪಟ್ಟಿಯ ಮೇಲೆ ಆ ಜಾಗವನ್ನು ನೋಡಿ. ಎಷ್ಟೋ ಸಲ ಬದಲಿಗೆ ಕಟ್ಟಿದ್ದ ತಾತ್ಕಾಲಿಕ ಮಂಟಪ ಅಲ್ಲಿದ್ದದ್ದು ತಿಳಿಯುತ್ತದೆ, ಅಥವಾ ಎರಡು ಬೇಸಿಗೆಗಳು ಒಂದಾಗಿ ಬೆರೆತಿರುತ್ತವೆ. ಕಾಗದವೂ ತಪ್ಪುವುದುಂಟು. ಬರೆಯುವಾಗ ಎರಡನ್ನೂ ಇಡಿ. ಅವರು ಹೇಳಿದ್ದು ಹೀಗೆ, ಪತ್ರಿಕೆ ಬರೆದದ್ದು ಹೀಗೆ ಎಂದು. ಬೆಂಕಿಯ ಕಾರಣದ ಬಗ್ಗೆ ಊರಿನಲ್ಲಿ ಓಡಾಡುವ ಮಾತನ್ನು ಮಾತ್ರ ತನಿಖೆಯ ಆಧಾರವಿಲ್ಲದೆ, ಅದರಲ್ಲೂ ಬದುಕಿರುವವರ ಹೆಸರಿನೊಂದಿಗೆ, ಬರೆಯಲೇಬಾರದು.

ನಾಶವನ್ನು ಬರೆದಷ್ಟೇ ವಿವರವಾಗಿ ಉಳಿಸಿಕೊಂಡದ್ದನ್ನೂ ಬರೆಯಿರಿ. 1970ರಲ್ಲಿ ವಿಮೆಗಾಗಿ ಭಾರದ ಪರೀಕ್ಷೆ ಮಾಡುವಾಗ ಕ್ಲೀವ್ಡನ್ ಪಿಯರಿನ ಎರಡು ಕಮಾನುಗಳು ಕುಸಿದವು. ಕೆಡವಿಬಿಡಬೇಕೆಂಬ ಮಾತಿಗೆ ಊರಿನವರು ಒಪ್ಪದೆ ಹಣ ಕೂಡಿಸಿ ಹೋರಾಡಿದ್ದರಿಂದ 1989ರಲ್ಲಿ ಅದು ಮತ್ತೆ ತೆರೆಯಿತು. ದಾನಿಗಳ ನೆನಪಿನ ಹಿತ್ತಾಳೆ ಪಟ್ಟಿಗಳನ್ನು ಅದರ ಹಲಗೆಗಳ ಮೇಲೆ ಇಂದಿಗೂ ಓದಬಹುದು. ಹೇಸ್ಟಿಂಗ್ಸ್ ಪಿಯರ್ 2010ರಲ್ಲಿ ಸುಟ್ಟು, ಊರಿನವರೂ ಷೇರು ಕೊಂಡು ಕೈಜೋಡಿಸಿದ್ದರಿಂದ 2016ರಲ್ಲಿ ಮತ್ತೆ ತೆರೆದು, ಮರುವರ್ಷ ವಾಸ್ತುಶಿಲ್ಪದ ಸ್ಟರ್ಲಿಂಗ್ ಪ್ರಶಸ್ತಿ ಪಡೆಯಿತು. ಬ್ರೈಟನ್ನಿನ ವೆಸ್ಟ್ ಪಿಯರಿಗೆ ಆ ಭಾಗ್ಯವಿರಲಿಲ್ಲ: 1975ರಲ್ಲಿ ಮುಚ್ಚಿದ ಅದು 2003ರ ಎರಡು ಬೆಂಕಿಗಳ ನಂತರ ಬರೀ ಅಸ್ಥಿಪಂಜರವಾಯಿತು. ಒಂದು ಉಳಿದು ಇನ್ನೊಂದು ಹೋದದ್ದೇಕೆ ಎಂಬುದಕ್ಕೆ ಉತ್ತರ ಸಮಿತಿಗಳ ನಡಾವಳಿಗಳಲ್ಲಿ, ಚಂದಾ ರಸೀದಿಗಳಲ್ಲಿ, ಆಗ ಸಭೆಗೆ ಹೋಗಿದ್ದವರ ಮಾತಿನಲ್ಲಿ ಇದೆ; ಈಗಲೇ ಸಂಗ್ರಹಿಸಬೇಕಾದದ್ದು ಅದು.

ಕೊನೆಗೆ ಬರೆಯಲು ಕೂತಾಗ ಅಧ್ಯಾಯಗಳನ್ನೂ ಬಾಗಿಲಿನಿಂದ ತುದಿಯವರೆಗೆ ಜೋಡಿಸಿ, ಒಂದೊಂದು ಜಾಗದ ಕೆಳಗೆ ಅದರ ಅವತಾರಗಳನ್ನು ಕಾಲಕ್ರಮದಲ್ಲಿ ಇಡಿ. ಸ್ಕ್ಯಾನ್, ಧ್ವನಿ, ಒಪ್ಪಿಗೆ ಪತ್ರ, ನಕ್ಷೆಪಟ್ಟಿಗಳು, ಎಲ್ಲಕ್ಕೂ ಜಾಗ ಮತ್ತು ವರ್ಷವನ್ನು ಸೂಚಿಸುವ ಕಡತದ ಹೆಸರು ಕೊಟ್ಟು, ಒಂದು ಪೂರ್ಣ ಪ್ರತಿಯನ್ನು ಕೌಂಟಿಯ ದಾಖಲೆ ಕಚೇರಿಗೂ ಇನ್ನೊಂದನ್ನು ಊರಿನ ಗ್ರಂಥಾಲಯಕ್ಕೂ ಒಪ್ಪಿಸಿ, ಮಾತಾಡಿದ ಪ್ರತಿಯೊಬ್ಬರಿಗೂ ಅವರವರ ಧ್ವನಿಯ ಪ್ರತಿಯನ್ನು ತಲುಪಿಸಿ.